ಚಳಿಗಾಲದ ಮಾರಿಸ್ ಮೈನರ್: ಹೊದಿಕೆಯೋ, ಥರ್ಮೋಸ್ಟಾಟೋ?

ಇಂಗ್ಲೆಂಡಿನ ಜನವರಿಯಲ್ಲಿ ಮಾರಿಸ್ ಮೈನರ್ ಎಂಬ ಹಳೆಯ ಬ್ರಿಟಿಷ್ ಕಾರಿನ ಎಂಜಿನ್ ಬೇಗ ಬಿಸಿಯೇರದಿದ್ದರೆ ದಾರಿ ಎರಡು.

ತಣ್ಣನೆಯ ಗಾಳಿ ಒಳನುಗ್ಗದಂತೆ ಕಾರಿನ ಮುಂದಿನ ಗ್ರಿಲ್‌ಗೆ ಹೊದಿಕೆ ಕಟ್ಟುವುದು ಅಗ್ಗ. ರಟ್ಟಿನ ತುಂಡೂ ನಡೆಯುತ್ತದೆ. ಆದರೆ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಇಳಿದು ತೆಗೆಯಬೇಕಾದವರು ನೀವೇ. ಮೈನರ್‌ನಲ್ಲಿ ಉಷ್ಣತೆ ತೋರಿಸುವ ಮೀಟರ್ ಮೂಲತಃ ಇಲ್ಲವಾದ್ದರಿಂದ ನೀರು ಕುದಿದ ಮೇಲೆಯೇ ಸುದ್ದಿ ತಿಳಿಯುತ್ತದೆ!

ಥರ್ಮೋಸ್ಟಾಟ್ ಈ ಕಾವಲನ್ನು ತಾನೇ ಕಾಯುತ್ತದೆ. ಒಳಗಿನ ಮೇಣ ಕರಗಿ ಹಿಗ್ಗುವವರೆಗೆ ಕವಾಟ ಮುಚ್ಚಿರುತ್ತದೆ, ಬಿಸಿನೀರು ಅದನ್ನು ತಣಿಸುವ ರೇಡಿಯೇಟರ್‌ಗೆ ಹೋಗುವುದಿಲ್ಲ. 82 ಡಿಗ್ರಿ ಸೆಲ್ಸಿಯಸ್‌ಗೆ ತೆರೆಯುವುದರ ಬದಲು 88 ಡಿಗ್ರಿಗೆ ತೆರೆಯುವುದನ್ನು ಕೂರಿಸಿದರೆ ಹೀಟರಿನ ಗಾಳಿಯೂ ಬೆಚ್ಚಗಾಗುತ್ತದೆ. ಹಳೆಯದು ಕೆಟ್ಟಿದೆಯೇ ಎಂದು ನೋಡಲು ಅದನ್ನು ದಾರದಲ್ಲಿ ಕಟ್ಟಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಡಿ. ನೀರಿಗೆ ಇಳಿಸುವ ಮೊದಲೇ ಕವಾಟ ತೆರೆದಿದ್ದರೆ ರೋಗ ಅಲ್ಲೇ ಇದೆ.

ನನ್ನ ಮತ ಥರ್ಮೋಸ್ಟಾಟ್‌ಗೆ. ಪಂಪೇ ಇಲ್ಲದೆ ಬಿಸಿನೀರು ತಾನಾಗಿ ಮೇಲೇರಿ ಹರಿಯುವ ಆಸ್ಟಿನ್ ಸೆವೆನ್‌ನಂಥ ಕಾರುಗಳಿಗಾದರೆ ಹೊದಿಕೆಯೇ ಸರಿ.