ಬ್ಯಾಂಕರ್ ಎಂಜಿನ್ ಬೇಕೆಂದರೆ ಡಿಜಿಟಲ್ಲೇ ಸರಿ

ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಹತ್ತುವ ಗೂಡ್ಸ್ ರೈಲನ್ನು ಮುಂದಿನ ಎಂಜಿನ್ ಒಂದೇ ಎಳೆದು ತರುವುದಿಲ್ಲ. ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ನೂಕುತ್ತಿರುತ್ತವೆ. ಐವತ್ತು ಅಡಿಗೆ ಒಂದು ಅಡಿ ಏರು, ದಾರಿಯುದ್ದಕ್ಕೂ 57 ಸುರಂಗ. ಮೇಲೆ ಬಂದ ಮೇಲೆ ಬ್ಯಾಂಕರ್ ಕಳಚಿಕೊಂಡು ಮತ್ತೆ ಘಾಟಿ ಇಳಿಯುತ್ತದೆ. ಇದೇ ಆಟವನ್ನು ಮನೆಯ ಮಹಡಿಯಲ್ಲಿ, ಪ್ಲೈವುಡ್ ಹಲಗೆಯ ಮೇಲೆ ಪುಟ್ಟ ಮಾದರಿ ರೈಲುಗಳಿಂದ ಆಡಬೇಕೆಂಬ ಆಸೆ ಇದ್ದರೆ, ಅವನ್ನು ನಡೆಸಲು ಅನಲಾಗ್ ಬಿಟ್ಟು ನೇರವಾಗಿ ಡಿಜಿಟಲ್ ವ್ಯವಸ್ಥೆ ಕೊಳ್ಳಿ. ನಾನು ಕೊಂಡಿದ್ದೇನೆ. ಹಣ ದಂಡವಾಯಿತೆಂದು ಅನ್ನಿಸಿಲ್ಲ. ಮಳೆಗಾಲದಲ್ಲಿ ಮಾತ್ರ ಅದಕ್ಕೆ ಹಿಡಿಶಾಪ ಹಾಕಿದ್ದುಂಟು, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಸನದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹಗಲೆಲ್ಲ ಬೋರ್‌ವೆಲ್ ಪಂಪಿನ ಸುಟ್ಟ ಕಾಯಿಲ್ ಬಿಚ್ಚುವವನಿಗೆ ರಾತ್ರಿ ಹೆಬ್ಬೆರಳಿನಷ್ಟು ಮೋಟಾರು ಹಿಡಿದು ಕೂರುವುದು ಸುಖವೇ. ನನ್ನ ರೈಲುಗಳು ಎಚ್‌ಒ ಅಳತೆಯವು, ಅಂದರೆ ನಿಜದ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜನ್ನು ಲೆಕ್ಕ ಹಾಕಿ ಇಳಿಸಿದರೆ 19 ಮಿಲಿಮೀಟರಿಗೂ ಹೆಚ್ಚಾಗಬೇಕಿತ್ತು. ಮಾರುಕಟ್ಟೆಯಲ್ಲಿ ಸಿಗುವುದು ಹೊರದೇಶದ ಅಳತೆ, ಅದಕ್ಕೆ ಕಣ್ಣು ಹೊಂದಿಸಿಕೊಂಡಿದ್ದೇನೆ. ಚಿಕ್ಕಮಗಳೂರಿನಲ್ಲಿರುವ ನನ್ನ ಷಡ್ಡಕರಿಗೂ ಇದೇ ಹುಚ್ಚು, ಆದರೆ ಅವರು ಅನಲಾಗ್ ಪಕ್ಷ. ಅವರ ಸಾಮಾನು ನನ್ನ ಮನೆಯಲ್ಲಿ, ನನ್ನದು ಅವರ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದಿವೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಕೈಯಾರೆ ಓಡಿಸಿ ನೋಡಿದ್ದು.

ಅನಲಾಗ್‌ನಲ್ಲಿ ಗುಟ್ಟೇನೂ ಇಲ್ಲ. ಹಳಿಗೆ ಡಿಸಿ ಕರೆಂಟು ಬಿಡುತ್ತೀರಿ, ಸೊನ್ನೆಯಿಂದ 12 ವೋಲ್ಟಿನವರೆಗೆ. ವೋಲ್ಟೇಜ್ ಏರಿಸಿದರೆ ವೇಗ, ಪ್ಲಸ್ ಮೈನಸ್ ತಿರುಗಿಸಿದರೆ ಹಿಮ್ಮುಖ. ತೊಂದರೆ ಏನೆಂದರೆ ನೀವು ನಡೆಸುವುದು ಹಳಿಯನ್ನು, ಎಂಜಿನ್ನನ್ನಲ್ಲ. ಒಂದೇ ಪಂಪಿನ ಪೈಪಿಗೆ ಗೇಟ್‌ವಾಲ್ವ್ ಇಲ್ಲದೆ ಎರಡು ಗದ್ದೆ ಜೋಡಿಸಿದ ಹಾಗೆ: ಒಂದಕ್ಕೆ ನೀರು ಬಿಟ್ಟರೆ ಇನ್ನೊಂದಕ್ಕೂ ಹೋಗಿಯೇ ತೀರುತ್ತದೆ.

ಆ ಗೇಟ್‌ವಾಲ್ವನ್ನೂ ಹಾಕಿ ನೋಡಿದೆ. ಹಳಿಯನ್ನು ಅಲ್ಲಲ್ಲಿ ಕತ್ತರಿಸಿ, ತುಂಡುತುಂಡಾಗಿ ಬೇರ್ಪಡಿಸಿ, ಒಂದೊಂದು ತುಂಡಿಗೂ ಒಂದು ಟಾಗಲ್ ಸ್ವಿಚ್. ಎಡಕ್ಕೆ ಒತ್ತಿದರೆ ಮೊದಲ ಕಂಟ್ರೋಲರ್, ಬಲಕ್ಕೆ ಒತ್ತಿದರೆ ಎರಡನೆಯದು, ನಡುವೆ ಬಿಟ್ಟರೆ ಕರೆಂಟಿಲ್ಲ. ಘಾಟಿ ಹತ್ತುವಾಗ ಮುಂದಿನ ಎಂಜಿನ್ ಒಂದು ತುಂಡಿನ ಮೇಲೆ, ಬ್ಯಾಂಕರ್ ಅದರ ಹಿಂದಿನ ತುಂಡಿನ ಮೇಲೆ, ಎರಡಕ್ಕೂ ಒಂದೇ ಕಂಟ್ರೋಲರ್. ಮೇಲಿನ ಸ್ಟೇಷನ್ ಬಂತು. ಬ್ಯಾಂಕರ್ ಕಳಚಬೇಕು, ಅದರ ತುಂಡನ್ನು ಎರಡನೆಯ ಕಂಟ್ರೋಲರಿಗೆ ದಾಟಿಸಬೇಕು, ದಿಕ್ಕು ಬದಲಿಸಬೇಕು, ಅಷ್ಟರಲ್ಲಿ ಮುಂದಿನ ರೈಲು ಮುಂದಿನ ತುಂಡಿಗೆ ಹೋಗಿರುತ್ತದೆ, ಅದರ ಸ್ವಿಚ್ಚನ್ನೂ ಒತ್ತಬೇಕು. ಬ್ಯಾಂಕರಿನ ಮುಂದಿನ ಚಕ್ರಗಳು ಈಚೆ ತುಂಡಿನಲ್ಲಿ, ಹಿಂದಿನವು ಆಚೆ ತುಂಡಿನಲ್ಲಿ ಇರುವಾಗ ಎರಡು ಕಂಟ್ರೋಲರುಗಳ ದಿಕ್ಕು ವಿರುದ್ಧವಾಗಿದ್ದರೆ ಷಾರ್ಟ್. ಕಣ್ಣು ಸ್ವಿಚ್ ಬೋರ್ಡಿನ ಮೇಲೆಯೇ ನೆಟ್ಟಿರುತ್ತದೆ, ರೈಲು ನೋಡುವವರು ಯಾರು? ದಿನವಿಡೀ ಪ್ಯಾನೆಲ್ ಬೋರ್ಡ್ ನೋಡುವ ನನಗೆ ರಾತ್ರಿಯೂ ಅದೇ ಬೇಕಿರಲಿಲ್ಲ.

ಡಿಜಿಟಲ್ ಬಂದ ಮೇಲೆ ಆ ಸ್ವಿಚ್ಚುಗಳೆಲ್ಲ ಡಬ್ಬಕ್ಕೆ ಹೋದವು. ಇಲ್ಲಿ ಹಳಿಯ ಮೇಲೆ ಪೂರ್ತಿ ವೋಲ್ಟೇಜ್ ಯಾವಾಗಲೂ ಇರುತ್ತದೆ, ಸುಮಾರು 15 ವೋಲ್ಟ್, ಆದರೆ ಪ್ಲಸ್ ಮೈನಸ್ ಕ್ಷಣಕ್ಷಣಕ್ಕೂ ಅದಲುಬದಲಾಗುತ್ತದೆ. ಆ ಅದಲುಬದಲಿನಲ್ಲೇ ಸಂದೇಶ. ಅರ್ಧ ಸುತ್ತಿಗೆ 58 ಮೈಕ್ರೋಸೆಕೆಂಡ್ ಆದರೆ ಅದು ಒಂದು, 100 ಅಥವಾ ಅದಕ್ಕೂ ಹೆಚ್ಚಾದರೆ ಸೊನ್ನೆ. ಎಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ತನ್ನ ನಂಬರಿಗೆ ಬಂದ ಆಜ್ಞೆಯನ್ನು ಮಾತ್ರ ಕೇಳಿ ಮೋಟಾರಿಗೆ ಕರೆಂಟು ಕೊಡುತ್ತದೆ. ಜರ್ಮನಿಯ ಲೆಂಜ್ ಕಂಪನಿ ರೂಪಿಸಿದ ಈ ಪದ್ಧತಿಯನ್ನು ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಎಲ್ಲರಿಗೂ ಸಾಮಾನ್ಯ ನಿಯಮವಾಗಿ ಒಪ್ಪಿಕೊಂಡಿತು. ಅದರಿಂದ ನಮಗಾದ ಲಾಭ ದೊಡ್ಡದು: ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಂಟ್ರೋಲರಿನ ಮಾತು ಕೇಳುತ್ತದೆ. ಬಿಡಿಬಿಡಿಯಾಗಿ, ಕೈಯಲ್ಲಿ ಕಾಸು ಬಂದಾಗ ಕೊಂಡುಕೊಳ್ಳಬಹುದು.

ಮುಂದಿನ ಎಂಜಿನ್ನಿಗೆ 12, ಬ್ಯಾಂಕರಿಗೆ 45 ಎಂದು ನಂಬರ್ ಕೊಟ್ಟಿದ್ದೇನೆ. ಹತ್ತುವಾಗ ಎರಡನ್ನೂ ಒಂದೇ ಜೋಡಿಯಾಗಿ ಕಟ್ಟುತ್ತೇನೆ, ಮೇಲೆ ಬಂದ ಮೇಲೆ ಬಿಡಿಸುತ್ತೇನೆ. 12 ತನ್ನ ಪಾಡಿಗೆ ಹಾಸನದ ಕಡೆ ಹೋಗುತ್ತದೆ, 45 ದೀಪ ಉರಿಸಿಕೊಂಡು ಘಾಟಿ ಇಳಿಯುತ್ತದೆ.

ಜೋಡಿ ಕಟ್ಟುವುದು ಬಟನ್ ಒತ್ತಿದಷ್ಟು ಸುಲಭ, ಹೊಂದಾಣಿಕೆ ಮಾತ್ರ ಕಷ್ಟ. ನನ್ನ ಎರಡೂ ಎಂಜಿನ್‌ಗಳು ಬೇರೆ ಬೇರೆ ಕಂಪನಿಯವು, ಗೇರಿನ ಲೆಕ್ಕ ಬೇರೆ. ಹಿಂದಿನದು ತುಸು ಜೋರಾಗಿ ನೂಕಿದರೂ ತಿರುವಿನಲ್ಲಿ ನಡುವಿನ ಖಾಲಿ ವ್ಯಾಗನ್ ಹಳಿಯಿಂದ ಪಕ್ಕಕ್ಕೆ ಹಾರುತ್ತದೆ. ಡಿಕೋಡರಿನೊಳಗೆ ಸಿವಿ ಎಂಬ ನಂಬರ್ ಹಾಕಿದ ಮನೆಗಳಿವೆ. ಎರಡನೆಯ ಮನೆಯಲ್ಲಿ ಹೊರಡುವಾಗಿನ ವೋಲ್ಟೇಜ್, ಐದರಲ್ಲಿ ಗರಿಷ್ಠ, ಆರರಲ್ಲಿ ನಡುವಿನ ವೇಗ. ಎರಡೂ ಎಂಜಿನ್‌ಗಳನ್ನು ಒಂದು ಗೇಣು ಅಂತರದಲ್ಲಿ ನಿಲ್ಲಿಸಿ, ಒಟ್ಟಿಗೆ ಹೊರಡಿಸಿ, ಅಂತರ ಹಿಗ್ಗುತ್ತದೋ ಕುಗ್ಗುತ್ತದೋ ನೋಡುತ್ತಾ ವೇಗದ ಎಂಜಿನ್ನಿನ ಅಂಕಿಗಳನ್ನು ಇಳಿಸುತ್ತಾ ಬಂದೆ. ಬ್ಯಾಂಕರ್ ಕೂದಲೆಳೆಯಷ್ಟು ನಿಧಾನವಾಗಿರುವ ಕಡೆಗೆ ನಿಲ್ಲಿಸಿದೆ, ಆಗ ವ್ಯಾಗನ್‌ಗಳು ಬಿಗಿದುಕೊಂಡು ಹೋಗುತ್ತವೆ, ಹಾರುವುದಿಲ್ಲ. ಅನಲಾಗ್‌ನಲ್ಲಿ ಇದಕ್ಕೆ ಇಷ್ಟು ಸಲೀಸಾದ ದಾರಿಯಿಲ್ಲ. ಒಂದೇ ವೋಲ್ಟೇಜಿಗೆ ಒಂದೇ ವೇಗದಲ್ಲಿ ಹೋಗುವ ಎರಡು ಎಂಜಿನ್ ಸಿಕ್ಕರೆ ನಿಮ್ಮ ಪುಣ್ಯ.

ಇನ್ನು ಮಳೆಗಾಲದ ಕಥೆ.

ನನ್ನ ರೈಲುಕೋಣೆಗೆ ಶೀಟಿನ ಮಾಡು. ಜೂನಿನಿಂದ ಆಚೆ ಹಾಸನದಲ್ಲಿ ತೇವ ಶುರುವಾಯಿತೆಂದರೆ ಹಳಿಯ ಮೇಲೆ ಕರಿಯ ಪೊರೆ ಕಟ್ಟುತ್ತದೆ. ಬರಿ ಧೂಳಲ್ಲ ಅದು. ಚಕ್ರಕ್ಕೂ ಹಳಿಗೂ ನಡುವೆ ಕಣ್ಣಿಗೆ ಕಾಣದ ಕಿಡಿ ಹಾರಿ ಸುಟ್ಟ ಲೋಹದ ಮಸಿ, ಅದಕ್ಕೆ ವ್ಯಾಗನ್ನುಗಳ ಪ್ಲಾಸ್ಟಿಕ್ ಚಕ್ರದ ಜಿಡ್ಡು ಸೇರಿ ಅಂಟಾಗುತ್ತದೆ. ಬೆರಳಿನಿಂದ ಒರೆಸಿದರೆ ಕಾಡಿಗೆ ಹಚ್ಚಿಕೊಂಡಂತೆ ಬರುತ್ತದೆ. ಇದು ಅನಲಾಗ್‌ಗೂ ಡಿಜಿಟಲ್‌ಗೂ ಸಮಾನ ಶತ್ರು. ಆದರೆ ಅನಲಾಗ್ ಎಂಜಿನ್ ಆ ಜಾಗದಲ್ಲಿ ಒಮ್ಮೆ ತಡವರಿಸಿ, ಫ್ಲೈವೀಲಿನ ಬಲದಲ್ಲಿ ದಾಟಿ ಮುಂದೆ ಹೋಗುತ್ತದೆ. ಡಿಜಿಟಲ್‌ನಲ್ಲಿ ಹಾಗಲ್ಲ. ಕರೆಂಟು ತಪ್ಪಿದರೆ ಡಿಕೋಡರ್ ಎಂಬ ಪುಟ್ಟ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಸದ್ದಿನ ಡಿಕೋಡರ್ ಆದರೆ ಇನ್ನೂ ಅವಮಾನ: ಏರಿನ ನಡುವೆ ಗುಡುಗುತ್ತಾ ಬರುತ್ತಿದ್ದ ಡೀಸೆಲ್ ತಟಕ್ಕನೆ ಮೂಕವಾಗಿ, ನಿಂತು, ಬೆಳಗಿನ ಜಾವ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿದಂತೆ ಮೊದಲಿನಿಂದ ಕೆಮ್ಮಿಕೊಂಡು ಏಳುತ್ತದೆ. ಮುಂದಿನದು ಹೀಗೆ ನಿಂತಾಗ ಹಿಂದಿನ ಬ್ಯಾಂಕರಿಗೆ ಏನೂ ಗೊತ್ತಾಗುವುದಿಲ್ಲ, ಅದು ನೂಕುತ್ತಲೇ ಇರುತ್ತದೆ. ನಡುವಿನ ವ್ಯಾಗನ್ನುಗಳ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಸಾಲದ್ದಕ್ಕೆ ಕರೆಂಟು. ಮಳೆಗಾಲದ ಸಂಜೆ ಹೋಗಿ ಬಂದು ಮಾಡುವುದು ಇಲ್ಲಿ ಹೊಸತಲ್ಲ. ಮನೆಯಲ್ಲಿ ಇನ್ವರ್ಟರ್ ಇದೆ, ಬಲ್ಬು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹಿಡಿದುಕೊಳ್ಳುತ್ತದೆ. ಆ ಮಿಟುಕಿನಲ್ಲೇ ನನ್ನ ಕಮಾಂಡ್ ಸ್ಟೇಷನ್, ಅಂದರೆ ಹಳಿಗೆ ಕರೆಂಟನ್ನೂ ಆಜ್ಞೆಗಳನ್ನೂ ಕಳಿಸುವ ಪೆಟ್ಟಿಗೆ, ರೀಸ್ಟಾರ್ಟ್ ಆಗುತ್ತದೆ, ಹಳಿಯ ಕರೆಂಟು ಬಂದ್ ಆಗಿ ಎಲ್ಲ ರೈಲುಗಳೂ ಇದ್ದಲ್ಲೇ ನಿಲ್ಲುತ್ತವೆ. ಕಂಟ್ರೋಲರಾಗಿ ಬಳಸುವ ಮೊಬೈಲಿನಲ್ಲಿ ಮತ್ತೆ ಸಂಪರ್ಕ ಹಿಡಿದು, ಹಳಿಗೆ ಕರೆಂಟು ಕೊಟ್ಟು, ಒಂದೊಂದೇ ಎಂಜಿನ್ನನ್ನು ಕರೆದು ಎಬ್ಬಿಸಬೇಕು. ಷಡ್ಡಕರ ಅನಲಾಗ್ ಪೆಟ್ಟಿಗೆಯಲ್ಲಿ ನಾಬ್ ಎಲ್ಲಿತ್ತೋ ಅಲ್ಲೇ ಇರುತ್ತದೆ, ಕರೆಂಟು ಬಂದೊಡನೆ ರೈಲು ಹೊರಡುತ್ತದೆ.

ಪರಿಹಾರಗಳಿವೆ, ಎಲ್ಲಕ್ಕೂ ಬೆವರು ಬೇಕು. ಪ್ಲಾಸ್ಟಿಕ್ ಚಕ್ರಗಳನ್ನೆಲ್ಲ ತೆಗೆದು ಲೋಹದ ಚಕ್ರ ಹಾಕಿದೆ, ಅರ್ಧ ಕೊಳೆ ಅಲ್ಲಿಗೇ ಕಡಿಮೆಯಾಯಿತು. ವಾರಕ್ಕೊಮ್ಮೆ ಹಳೆಯ ಪಂಚೆಯ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳಿ ಒರೆಸುತ್ತೇನೆ. ಉಪ್ಪುಕಾಗದ ಮುಟ್ಟಿಸಬೇಡಿ, ಅದು ಮಾಡುವ ಗೀರುಗಳಲ್ಲೇ ಮುಂದಿನ ಕೊಳೆ ಮನೆ ಮಾಡುತ್ತದೆ. ಹಳಿಯ ಒಳಅಂಚಿಗೆ ಮೆದು ಪೆನ್ಸಿಲಿನ ಗ್ರಾಫೈಟ್ ಸವರುವವರೂ ಇದ್ದಾರೆ. ಸಮತಟ್ಟಿನಲ್ಲಿ ಅದು ಕೆಲಸ ಮಾಡಿತು, ಏರಿನಲ್ಲಿ ಚಕ್ರ ಜಾರಿತು, ಬಿಟ್ಟೆ. ಕೊನೆಗೆ ಕೈಹಿಡಿದದ್ದು ಕೆಪಾಸಿಟರ್. ಡಿಕೋಡರಿನ ನೀಲಿ ವೈರಿಗೂ ಅದರ ಗ್ರೌಂಡಿಗೂ ನಡುವೆ ಒಂದು ಕೀಪ್‌ಅಲೈವ್ ಕೆಪಾಸಿಟರ್ ಗುಂಪನ್ನು ಬೆಸೆದರೆ, ಕರೆಂಟು ತಪ್ಪಿದ ಹೊತ್ತಿನಲ್ಲಿ ಅದು ಎಂಜಿನ್ನನ್ನು ಕೈಹಿಡಿದು ದಾಟಿಸುತ್ತದೆ. ಗ್ರೌಂಡ್ ಜಾಗ ಕೆಲವು ಡಿಕೋಡರುಗಳಲ್ಲಿ ಸಾಸಿವೆಕಾಳಿನಷ್ಟಿರುತ್ತದೆ. ಬೆಸುಗೆ ಕೈ ನಡುಗುವವರು ಇದನ್ನು ಮೊದಲೇ ಅಳವಡಿಸಿದ ಡಿಕೋಡರನ್ನೇ ಕೊಳ್ಳುವುದು ಕ್ಷೇಮ. ಕೀಪ್‌ಅಲೈವ್ ಇದ್ದಾಗ ಸಿವಿ ಓದುವಾಗ ಕೆಲವೊಮ್ಮೆ ತಪ್ಪು ಉತ್ತರ ಬರುತ್ತದೆ, ಆಗ ಡಿಕೋಡರ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಕಮಾಂಡ್ ಸ್ಟೇಷನ್ನಿಗೆ ಕಂಪ್ಯೂಟರಿನ ಯುಪಿಎಸ್ ಕೊಟ್ಟೆ, ಮಿಟುಕಿನ ಕಾಟ ತಪ್ಪಿತು.

ಉಳಿದದ್ದು ಚಿಕ್ಕಪುಟ್ಟ. ಅನಲಾಗ್‌ನಲ್ಲಿ ರೈಲು ನಿಂತರೆ ಹೆಡ್‌ಲೈಟ್ ಆರುತ್ತದೆ, ಡಿಜಿಟಲ್‌ನಲ್ಲಿ ಆರುವುದಿಲ್ಲ. ಹಳಿ ಸುತ್ತಿ ಬಂದು ತನ್ನನ್ನೇ ಕೂಡುವ ಲೂಪ್ ಎರಡರಲ್ಲೂ ಷಾರ್ಟ್ ಆಗುತ್ತದೆ, ಡಿಜಿಟಲ್‌ನಲ್ಲಿ ಅದಕ್ಕೆ ತಾನಾಗಿ ತಿರುಗಿಸುವ ಮಾಡ್ಯೂಲ್ ಸಿಗುತ್ತದೆ. ನಿಧಾನ ಓಟದಲ್ಲಿ, 128 ಹಂತಗಳ ವೇಗ ನೋಡಿದ ಮೇಲೆ, ಹಳೆಯ ನಾಬ್ ಒರಟೆನ್ನಿಸುತ್ತದೆ.

ದುಡ್ಡಿನ ಮಾತು. ಹೊರದೇಶದ ಸಿದ್ಧ ಕಮಾಂಡ್ ಸ್ಟೇಷನ್ನಿಗೆ ಕಸ್ಟಮ್ಸ್ ಸುಂಕ ಸೇರಿದರೆ ನನ್ನಂಥವನ ಅಂಗಡಿಯ ತಿಂಗಳ ಗಳಿಕೆ ಅಲ್ಲೇ ಮುಗಿಯುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರ್ಡುಯಿನೊ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಹಳಿಗೆ ಕರೆಂಟು ಕೊಡುವ ಮೋಟಾರ್ ಶೀಲ್ಡ್, ವೈಫೈ ಬೋರ್ಡ್ ಕೊಂಡು, ಡಿಸಿಸಿ-ಇಎಕ್ಸ್ ಎಂಬ ಉಚಿತ ತಂತ್ರಾಂಶ ತುಂಬಿಸಿ ಕಮಾಂಡ್ ಸ್ಟೇಷನ್ ಮಾಡಿಕೊಂಡೆ. ಅಡಾಪ್ಟರ್ ಸೇರಿಸಿದರೂ ಐದು ಸಾವಿರದೊಳಗೆ ಮುಗಿಯಿತು. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಎಂದರೆ ಮಗಳು ಬಿಟ್ಟುಕೊಟ್ಟ, ಗಾಜು ಸೀಳಿದ ಹಳೆಯ ಮೊಬೈಲ್. ನಿಜವಾದ ಖರ್ಚು ಇರುವುದು ಡಿಕೋಡರಿನಲ್ಲಿ, ಏಕೆಂದರೆ ಅದು ಪ್ರತಿ ಎಂಜಿನ್ನಿಗೂ ಒಂದೊಂದು ಬೇಕು. ಸದ್ದಿಲ್ಲದ್ದು ಮೂರು ಸಾವಿರದ ಆಸುಪಾಸು, ಸದ್ದಿನದು ಅದರ ಮೂರ್ನಾಲ್ಕು ಪಟ್ಟು. ಎರಡು ಮೂರು ಎಂಜಿನ್ ಇರುವವರಿಗೆ ಇದು ತಡೆದುಕೊಳ್ಳುವ ಹೊರೆ. ಕಪಾಟು ತುಂಬ ಹಳೆಯ ಎಂಜಿನ್ ಇಟ್ಟುಕೊಂಡವರು ಎರಡು ಸಲ ಯೋಚಿಸಬೇಕು. ಹಳೆಯವುಗಳಲ್ಲಿ ಮೋಟಾರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೇ ತಾಗಿಕೊಂಡಿರುವುದುಂಟು. ಅದನ್ನು ಪೂರ್ತಿ ಬೇರ್ಪಡಿಸದೆ ಡಿಕೋಡರ್ ಜೋಡಿಸಿದರೆ ಹೊಗೆ ಬರುತ್ತದೆ. ಮೋಟಾರಿಗೆ ಬರುವ ವೈರುಗಳನ್ನು ಬಿಚ್ಚಿದ ಮೇಲೂ ಮಲ್ಟಿಮೀಟರಿನಲ್ಲಿ ಬ್ರಷ್ಷಿಗೂ ಚಕ್ರಕ್ಕೂ ನಡುವೆ ಬೀಪ್ ಬರುತ್ತದೆಯೇ ನೋಡಿ, ಬಂದರೆ ಕೈಯಿಡಬೇಡಿ.

ಷಡ್ಡಕರು ತಮ್ಮ ಎಂಜಿನ್ನನ್ನು ಹಾಗೆಯೇ ನನ್ನ ಡಿಜಿಟಲ್ ಹಳಿಯ ಮೇಲೆ ಇಟ್ಟು ನೋಡಿದರು. ಅದು ಕದಲಲಿಲ್ಲ, ಕಿವಿಯ ಬಳಿ ಸೊಳ್ಳೆ ಸುಳಿದಂತೆ ಗುಂಯ್ ಎಂದು ಹಾಡಿತು, ಮೇಲಿನ ಕವಚ ಬೆಚ್ಚಗಾಯಿತು. ತಕ್ಷಣ ಎತ್ತಿಕೊಂಡು "ನಿನ್ನ ಹಳಿಗೆ ಜ್ವರ ಬಂದಿದೆ, ನನ್ನ ರೈಲಿಗೂ ಅಂಟಿಸಬೇಡ" ಎಂದು ಪೆಟ್ಟಿಗೆಗೆ ಹಾಕಿದರು.

ಅವರು ಅನಲಾಗ್ ಬಿಡಬೇಕೆಂದು ನಾನು ಹೇಳುವುದೂ ಇಲ್ಲ. ಅವರು ಕಟ್ಟಿರುವುದು ಕಡೂರು–ಚಿಕ್ಕಮಗಳೂರು ಕವಲು ಮಾರ್ಗ, 2013ರಲ್ಲಿ ಶುರುವಾದದ್ದು. ಅವರ ಹಲಗೆಯ ಮೇಲೆ ಒಂದು ಪ್ಯಾಸೆಂಜರ್ ಹೋಗುತ್ತದೆ, ಸಖರಾಯಪಟ್ಟಣದಲ್ಲಿ ನಿಲ್ಲುತ್ತದೆ, ಬರುತ್ತದೆ. ಒಂದು ಹೊತ್ತಿಗೆ ಒಂದೇ ಎಂಜಿನ್ ಓಡುವ ಜಾಗದಲ್ಲಿ ಡಿಜಿಟಲ್‌ಗೆ ದುಡ್ಡು ಸುರಿಯುವುದು ದುಂದು. ಚಿಕ್ಕ ಮಕ್ಕಳಿಗೆ ಕೊಡಿಸುವವರೂ ಅನಲಾಗ್ ಕೊಡಿಸಲಿ, ನಾಬ್ ತಿರುಗಿಸಿದ ತಕ್ಷಣ ರೈಲು ಹೋಗಬೇಕು ಅವರಿಗೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಬೇರೆ ಬೇರೆ ಬುದ್ಧಿಯಿಂದ ನಡೆಯಬೇಕು ಎಂದಾದರೆ ಮಾತ್ರ ನನ್ನ ಮಾತು ಕೇಳಿ.

ಕೇಳುವವರಾದರೆ, ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಹಳಿಗೆ ಖರ್ಚು ಮಾಡಿ: ಹಿತ್ತಾಳೆಯದು ಬೇಡ, ನಿಕಲ್ ಸಿಲ್ವರ್ ಹಳಿಯೇ ಇರಲಿ, ಅದು ಮಂಕಾದರೂ ಕರೆಂಟು ಬಿಟ್ಟುಕೊಡುತ್ತದೆ. ಏರು ಕಟ್ಟುವಾಗ ಘಾಟಿಯ ಲೆಕ್ಕವೇ ಸಾಕು. ಐವತ್ತಕ್ಕೆ ಒಂದರಂತೆ, ಕೆಳಗೆ ಇನ್ನೊಂದು ಹಳಿ ಹೋಗಲು ಬೇಕಾದ ಎಂಟು ಸೆಂಟಿಮೀಟರ್ ಎತ್ತರಕ್ಕೆ ನಾಲ್ಕು ಮೀಟರ್ ಉದ್ದ ಬೇಕು, ಕೋಣೆ ಅಳೆದು ನೋಡಿ. ಆಮೇಲೆ ಆರ್ಡುಯಿನೊ, ಆಮೇಲೆ ಸದ್ದಿಲ್ಲದ ಎರಡು ಡಿಕೋಡರ್. ಸದ್ದಿನದು ಮುಂದಿನ ವರ್ಷಕ್ಕಿರಲಿ. ಹಳೆಯ ಅನಲಾಗ್ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ಸ್ಟೇಷನ್ ದೀಪಗಳಿಗೆ ಅದು ಸಾಕು, ಹೊಸದಾಗಿ ಬಂದ ಎಂಜಿನ್ನಿಗೆ ಡಿಕೋಡರ್ ಹಾಕುವ ಮುಂಚೆ ಮೋಟಾರು ನೆಟ್ಟಗಿದೆಯೇ ಎಂದು ಅದರಲ್ಲೇ ಓಡಿಸಿ ನೋಡಬೇಕು.