ಪಾಯ್ಸನ್ ಓಕ್ ತಗುಲಿದಾಗ ಯಾವುದು ಕೈಹಿಡಿಯಿತು: ನನ್ನ ಎರಡು ಕೈಗಳ ಮೇಲಿನ ಹೋಲಿಕೆ

ಪಾಯ್ಸನ್ ಓಕ್ ಅಂದರೆ ತಾಗಿದರೆ ಮೈ ತುರಿಸಿ ಗುಳ್ಳೆ ಏಳಿಸುವ ಕಾಡುಗಿಡ. ಮೊದಲ ಸಲ ನನಗೆ ಅದು ತಗುಲಿದ್ದು ಎಲೆಯೇ ಇಲ್ಲದ ಕಡ್ಡಿಯಿಂದ. ಜನವರಿ ತಿಂಗಳು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ಗುಡ್ಡಗಳು. ತಿಂಗಳಿಗೊಂದು ಶನಿವಾರ ನಾವು ಕೆಲವರು ಸೇರಿ ಕಾಲುದಾರಿಯ ಪಕ್ಕ ಹಬ್ಬಿದ ಫ್ರೆಂಚ್ ಬ್ರೂಮ್ ಎಂಬ ಕಳೆ ಕೀಳಲು ಹೋಗುತ್ತೇವೆ. ಮೂರೆಲೆ ಒಟ್ಟಿಗಿರುವ ಗಿಡ ಕಂಡರೆ ಮುಟ್ಟಬೇಡ ಎಂದು ಎಲ್ಲರೂ ಹೇಳಿಕೊಟ್ಟಿದ್ದರು. ಚಳಿಗಾಲದಲ್ಲಿ ಈ ಗಿಡ ಎಲೆಯನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಲ್ಲುತ್ತದೆ, ಎಲೆಯಲ್ಲಿರುವ ತುರಿಕೆ ಎಣ್ಣೆ ಆ ಕಡ್ಡಿಯಲ್ಲೂ ಇರುತ್ತದೆ ಎನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಬ್ರೂಮಿನ ಜೊತೆ ಆ ಕಡ್ಡಿಗಳನ್ನೂ ಹಿಡಿಹಿಡಿಯಾಗಿ ಕಿತ್ತೆ. ಎರಡನೇ ದಿನ ರಾತ್ರಿ ಮೊಣಕೈ ಒಳಗಡೆ ತುರಿಕೆ ಶುರುವಾಯಿತು. ಮೂರನೇ ದಿನಕ್ಕೆ ಬರೆ ಎಳೆದ ಹಾಗೆ ಸಾಲುಸಾಲು ನೀರುಗುಳ್ಳೆ.

ಸಾಗರದಲ್ಲಿರುವ ಅಮ್ಮನಿಗೆ ಫೋಟೋ ಕಳಿಸಿದೆ. ನೋಡಿದ ಕೂಡಲೇ ಫೋನ್ ಮಾಡಿ, "ಇದು ಗೇರು ತಾಗಿದ ಹಾಗೇ ಇದೆಯಲ್ಲೇ, ಅಲ್ಲೂ ಗೇರು ಮರ ಉಂಟಾ?" ಅಂದಳು. ಗೇರು ಮರ ಇಲ್ಲಿಲ್ಲ, ಆದರೆ ಅಮ್ಮ ಹೇಳಿದ್ದು ಸರಿಯಾಗಿತ್ತು. ಪಾಯ್ಸನ್ ಓಕ್ ಹೆಸರಿಗಷ್ಟೇ ಓಕ್. ಅದು ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಇವೆಲ್ಲದರ ಕುಟುಂಬಕ್ಕೆ ಸೇರಿದ ಗಿಡ. ಇದರ ಎಣ್ಣೆಗೆ ಉರುಶಿಯಾಲ್ ಎಂದು ಹೆಸರು. ಜಪಾನಿನವರು ಮರದ ಸಾಮಾನಿಗೆ ಬಳಿಯುವ ಮೆರುಗೆಣ್ಣೆಯ ಹೆಸರು ಉರುಶಿ, ಅದರಿಂದ ಬಂದ ಪದ. ಕರಿಗೇರಿನ ರಸದಂತೆ ಇದೂ ಗಾಳಿಗೆ ಕಪ್ಪಾಗುತ್ತದೆ. ಮಿಡಿ ಮುರಿಯುವಾಗ ಸೊನೆ ಸಿಡಿದು ತುಟಿ ಸುಟ್ಟುಕೊಂಡವರಿಗೆ ಇದರ ತಮ್ಮನ ಪರಿಚಯ ಆಗಲೇ ಇದೆ ಅನ್ನಬಹುದು. ಮೊದಲ ಸಲ ತಗುಲಿದವರಿಗೆ ಗುಳ್ಳೆ ಏಳಲು ವಾರವೋ ಎರಡು ವಾರವೋ ಬೇಕಾಗುತ್ತದೆ. ನನಗೆ ಎರಡೇ ದಿನಕ್ಕೆ ಎದ್ದಿದ್ದಕ್ಕೆ ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಚಿಕ್ಕಂದಿನಲ್ಲಿ ಮಾವಿನ ಮರ ಹತ್ತುತ್ತಿದ್ದಿರಾ?"

ಅದಾದ ಮೇಲೆ ಮೂರು ವರ್ಷ, ಹತ್ತು ಹನ್ನೆರಡು ಸಲ ಈ ಎಣ್ಣೆ ನನ್ನ ಮೈಗೆ ತಾಗಿದೆ. ಕಳೆ ಕೀಳುವ ಕೆಲಸ ಬಿಡಲು ಮನಸ್ಸಿಲ್ಲ. ಹಾಗಾಗಿ ಏನೇನು ಸಿಗುತ್ತದೋ ಎಲ್ಲವನ್ನೂ ಪರೀಕ್ಷೆ ಮಾಡಿದೆ, ಆದಷ್ಟು ಎಡಗೈಗೆ ಒಂದು, ಬಲಗೈಗೆ ಇನ್ನೊಂದು. ಒಬ್ಬಳ ಚರ್ಮದ ಮೇಲಿನ ಪರೀಕ್ಷೆ ಇದು ಎನ್ನುವುದು ನೆನಪಿರಲಿ. ನನ್ನ ಜೊತೆ ಬರುವ ಒಬ್ಬರು ಬರಿಗೈಯಲ್ಲಿ ಈ ಗಿಡ ಮುಟ್ಟಿದರೂ ಏನೂ ಆಗುವುದಿಲ್ಲ. ಅಂಥವರೂ ಇದ್ದಾರೆ.

ಮೊದಲು ತೊಳೆಯುವ ವಿಷಯ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಎಣ್ಣೆ ಚರ್ಮದೊಳಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಹತ್ತು ನಿಮಿಷದೊಳಗೆ ತೊಳೆದರೆ ಅರ್ಧ ಹೋಗುತ್ತದೆ, ಅರ್ಧ ಗಂಟೆ ಕಳೆದರೆ ಹತ್ತರಲ್ಲಿ ಒಂದು ಪಾಲು ಹೋದರೆ ಹೆಚ್ಚು ಎಂಬ ಲೆಕ್ಕವನ್ನು ಇಲ್ಲಿ ಕಾಡು ಸುತ್ತುವವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ. ಬೆಟ್ಟದ ಮೇಲೆ ಹತ್ತು ನಿಮಿಷದಲ್ಲಿ ನಲ್ಲಿ ಎಲ್ಲಿಂದ ಬರಬೇಕು? ಕಾರಿನ ಹತ್ತಿರ ಬರುವಷ್ಟರಲ್ಲಿ ಒಂದು ಗಂಟೆ, ಮನೆ ಮುಟ್ಟುವಷ್ಟರಲ್ಲಿ ಎರಡು ಗಂಟೆ ಆಗಿರುತ್ತದೆ.

ನಾನು ಹೋಲಿಸಿದ್ದು ನಾಲ್ಕು. ಪಾತ್ರೆ ತೊಳೆಯುವ ದ್ರವ ಸೋಪು, ಈ ಎಣ್ಣೆ ತೆಗೆಯಲೆಂದು ಮಾರುವ ಟೆಕ್ನೂ ಎಂಬ ದ್ರವ, ಔಷಧಿ ಅಂಗಡಿಯ ಆಲ್ಕೊಹಾಲ್, ಮತ್ತೆ ಗುಳ್ಳೆ ಎದ್ದ ಮೇಲೂ ಹಚ್ಚಿ ತಿಕ್ಕಬಹುದು ಎಂದು ಮಾರುವ ತರಿತರಿಯಾದ ಒಂದು ಪೇಸ್ಟು. ಇವುಗಳಲ್ಲಿ ಟೆಕ್ನೂ ಹುಟ್ಟಿದ ಬಗೆ ನನಗೆ ಬಹಳ ಇಷ್ಟ. 1960ರ ದಶಕದ ಆರಂಭದಲ್ಲಿ, ಅಣುಬಾಂಬಿನ ಭಯದ ದಿನಗಳಲ್ಲಿ, ಮೈಮೇಲೆ ಬಿದ್ದ ವಿಕಿರಣದ ಧೂಳನ್ನು ನೀರಿಲ್ಲದೆ ಒರೆಸಲೆಂದು ರಾಬರ್ಟ್ ಸ್ಮಿತ್ ಎಂಬ ಎಂಜಿನಿಯರ್ ಇದನ್ನು ತಯಾರಿಸಿದರು. ಇದು ಪಾಯ್ಸನ್ ಓಕ್ ಎಣ್ಣೆಯನ್ನೂ ತೆಗೆಯುತ್ತದೆ ಎಂದು ಕಂಡುಕೊಂಡದ್ದು ಅವರ ಹೆಂಡತಿ.

ಒಂದು ಏಪ್ರಿಲ್‌ನಲ್ಲಿ ಎರಡೂ ಮುಂಗೈಗೆ ಎಲೆ ಉಜ್ಜಿದ್ದು ನನಗೇ ಗೊತ್ತಾಯಿತು. ಕಾರಿನ ಹತ್ತಿರ ಬಂದು ಎಡಗೈಗೆ ಟೆಕ್ನೂ, ಬಲಗೈಗೆ ಪಾತ್ರೆ ಸೋಪು ಹಚ್ಚಿ, ಒಂದೊಂದಕ್ಕೂ ಬೇರೆ ಬೇರೆ ಒರಟು ಬಟ್ಟೆಯಲ್ಲಿ ಎರಡೆರಡು ನಿಮಿಷ ತಿಕ್ಕಿ ತೊಳೆದೆ. ಎಡಗೈಯಲ್ಲಿ ಮೂರು ಗುಳ್ಳೆ, ಬಲಗೈಯಲ್ಲಿ ಐದಾರು. ಅಷ್ಟೇ ವ್ಯತ್ಯಾಸ. ಆಮೇಲೆ ಗೊತ್ತಾಯಿತು, 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನವೂ ಇದನ್ನೇ ಹೇಳಿದೆ: ಟೆಕ್ನೂ ಕೊಟ್ಟ ರಕ್ಷಣೆ ಶೇ. 70, ಮೆಕ್ಯಾನಿಕ್‌ಗಳು ಗ್ರೀಸು ತೆಗೆಯಲು ಬಳಸುವ ಪೇಸ್ಟು ಶೇ. 61.8, ಪಾತ್ರೆ ಸೋಪು ಶೇ. 56.4. ಸಂಖ್ಯಾಶಾಸ್ತ್ರದ ಪ್ರಕಾರ ಈ ಮೂರರ ನಡುವಿನ ಅಂತರ ಗಣನೆಗೆ ಬರುವಷ್ಟು ದೊಡ್ಡದಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ದೊಡ್ಡ ವ್ಯತ್ಯಾಸ ಕಂಡದ್ದು ಮುಂದಿನ ಸಲ. ಆವತ್ತು ಎರಡೂ ಕೈಗೆ ಅದೇ ಪಾತ್ರೆ ಸೋಪು. ಬಲಗೈಯನ್ನು ಬಟ್ಟೆಯಲ್ಲಿ ತಿಕ್ಕಿದೆ, ಎಡಗೈಯನ್ನು ಬರೀ ಅಂಗೈಯಲ್ಲಿ ಸವರಿ ತೊಳೆದೆ. ಎಡಗೈ ಮೊಣಕೈವರೆಗೆ ಎದ್ದಿತು. ಬಲಗೈಯಲ್ಲಿ ಮಣಿಕಟ್ಟಿನ ಹತ್ತಿರ, ವಾಚಿನ ಪಟ್ಟಿ ಇದ್ದ ಜಾಗ ಬಿಟ್ಟರೆ ಏನೂ ಇಲ್ಲ. ಈ ಎಣ್ಣೆಯನ್ನು ಇಂಜಿನ್ ಗ್ರೀಸು ಅಂದುಕೊಳ್ಳಿ. ಕೈಗೆ ಗ್ರೀಸು ಹತ್ತಿದಾಗ ಸೋಪು ಸವರಿದರೆ ಹೋಗುವುದಿಲ್ಲ, ತಿಕ್ಕಬೇಕು. ಗ್ರೀಸು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಹಾಗಾಗಿ ನಾವು ತಿಕ್ಕುವುದನ್ನು ಬೇಗ ನಿಲ್ಲಿಸಿಬಿಡುತ್ತೇವೆ. ಯಾವ ಬಾಟಲಿ ಕೊಳ್ಳಲಿ ಎಂದು ಕೇಳುವವರಿಗೆಲ್ಲ ನಾನು ಹೇಳುವುದು, ಮೊದಲು ನಾಲ್ಕು ಒರಟು ಬಟ್ಟೆ ತೆಗೆದಿಟ್ಟುಕೊಳ್ಳಿ ಅಂತ. ತಿಕ್ಕುವುದು ಅಂದರೆ ಚರ್ಮ ಕಿತ್ತುಬರುವ ಹಾಗಲ್ಲ. ನೀರು ತಣ್ಣಗಿರಲಿ, ಮೂರು ಸಲ ಸೋಪು ಹಚ್ಚಿ ತೊಳೆಯಿರಿ, ಉಗುರಿನ ಸಂದಿ ಮರೆಯಬೇಡಿ.

ಆಲ್ಕೊಹಾಲ್ ಎಣ್ಣೆಯನ್ನು ಚೆನ್ನಾಗಿ ಕರಗಿಸುತ್ತದೆ. ಆದರೆ ಅಂಗೈ ಅಗಲದ ಒಂದು ಚಿಕ್ಕ ಒರೆಸುವ ಹಾಳೆಯಿಂದ ಇಡೀ ಕೈ ಒರೆಸಿದರೆ ಕರಗಿದ ಎಣ್ಣೆ ಮೈಗೆಲ್ಲ ಬಳಿದಂತೆ. ನನಗೆ ಒಮ್ಮೆ ಹಾಗೇ ಆಯಿತು. ಧಾರಾಳವಾಗಿ ಸುರಿದು, ಹಿಂದೆಯೇ ನೀರು ಹಾಕಿ ತೊಳೆಯುವಂತಿದ್ದರೆ ಒಳ್ಳೆಯದು. ಇನ್ನೂ ಕೆಲಸ ಬಾಕಿ ಇರುವಾಗ ಇದನ್ನು ಬಳಸಬೇಡಿ. ಚರ್ಮದ ಸ್ವಂತ ಜಿಡ್ಡೂ ಹೋಗಿ, ಮುಂದಿನ ಎಲೆ ತಾಗಿದರೆ ಇನ್ನೂ ಸುಲಭವಾಗಿ ಇಳಿಯುತ್ತದೆ. ಇನ್ನು ಆ ತರಿತರಿ ಪೇಸ್ಟು: ಬೆರಳುದ್ದದ ಟ್ಯೂಬಿಗೆ 40 ಡಾಲರ್ ಹತ್ತಿರ ಕೊಟ್ಟೆ. ಗುಳ್ಳೆ ಎದ್ದ ಮೇಲೆ ಹಚ್ಚಿ ತಿಕ್ಕಿದಾಗ ಕೆಲವು ಗಂಟೆ ತುರಿಕೆ ನಿಂತದ್ದು ನಿಜ. ಮಾಯುವ ದಿನ ಕಡಿಮೆಯಾಗಲಿಲ್ಲ. ಇದರಿಂದಲೇ ಬದುಕಿದೆ ಎನ್ನುವ ಗೆಳತಿಯೂ ನನಗಿದ್ದಾಳೆ, ಹಾಗಾಗಿ ಕೊಳ್ಳಬೇಡಿ ಎನ್ನಲಾರೆ. ಎರಡನೇ ಟ್ಯೂಬು ನಾನು ಕೊಂಡಿಲ್ಲ.

ಹೋಗುವ ಮುಂಚೆ ಏನಾದರೂ ಹಚ್ಚಿಕೊಂಡು ಹೋಗಬಹುದೇ? ನಮ್ಮ ಕಡೆ ಗೇರುಬೀಜ ಸುಲಿಯುವ ಹೆಂಗಸರು ಕೈಗೆ ಎಣ್ಣೆ, ಬೂದಿ ಸವರಿಕೊಂಡು ಕೂರುತ್ತಾರೆ. ಅದೇ ತತ್ವದ ಮೇಲೆ ಇಲ್ಲಿ ಬೆಂಟೊಕ್ವಾಟಮ್ ಎಂಬ ಜೇಡಿಮಣ್ಣಿನ ಜಾತಿಯ ವಸ್ತು ಹಾಕಿದ ಲೋಶನ್ ಒಂದಕ್ಕೆ 1996ರಲ್ಲಿ ಸರ್ಕಾರದ ಮಂಜೂರಾತಿ ಸಿಕ್ಕಿತ್ತು. ಆಮೇಲೆ ಅದು ಮಾರುಕಟ್ಟೆಯಿಂದ ಹೋಯಿತು, ನನಗೆ ಸಿಗಲೇ ಇಲ್ಲ. ಈಗ ಸಿಗುವ ಒಂದೆರಡು ತಡೆ ಕ್ರೀಮುಗಳನ್ನು ಹಚ್ಚಿ ನೋಡಿದೆ. ಬೆವರಿಗೆ ಕರಗಿ ಹೋಗುತ್ತವೆ, ಹಚ್ಚಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಎಚ್ಚರ ತಪ್ಪುತ್ತದೆ. ತುಂಬುತೋಳಿನ ಹಳೆಯ ಹತ್ತಿ ಅಂಗಿ, ಮೊಣಕೈವರೆಗೆ ಬರುವ ದಪ್ಪ ಕೈಗವಸು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಇವುಗಳ ಮುಂದೆ ಯಾವ ಕ್ರೀಮೂ ನಿಲ್ಲಲಿಲ್ಲ. ತೊಂದರೆ ಇರುವುದು ಅವನ್ನು ಬಿಚ್ಚುವಾಗ. ಗವಸು ಬಿಚ್ಚುವ ಕೈ ಯಾವುದು, ಆ ಕೈಯಿಂದ ಹಣೆ ಬೆವರು ಒರೆಸಿಕೊಂಡೆನಾ, ಕನ್ನಡಕ ಸರಿಮಾಡಿಕೊಂಡೆನಾ ಎಂದು ನೋಡಿಕೊಳ್ಳುವ ಅಭ್ಯಾಸ ಬರಲು ನನಗೆ ಒಂದು ವರ್ಷ ಹಿಡಿಯಿತು.

ಒಮ್ಮೆ ಮೂರು ವಾರ ಗುಡ್ಡದ ಕಡೆ ತಲೆ ಹಾಕಿರಲಿಲ್ಲ, ಆದರೂ ಬೆರಳ ಸಂದಿಯಲ್ಲಿ ಹೊಸ ಗುಳ್ಳೆ ಎದ್ದವು. ಹಳೆಯ ಗುಳ್ಳೆಯ ನೀರು ಹರಡಿರಬೇಕು ಎಂದು ಮನೆಯವರು ನನ್ನ ಟವೆಲ್ ಬೇರೆ ಇಟ್ಟರು. ಆ ನೀರಿನಲ್ಲಿ ಉರುಶಿಯಾಲ್ ಇರುವುದಿಲ್ಲ, ಅದರಿಂದ ಯಾರಿಗೂ ಹರಡುವುದಿಲ್ಲ. ಕಳ್ಳ ಸಿಕ್ಕಿದ್ದು ಬೂಟಿನ ಲೇಸಿನಲ್ಲಿ. ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಒಗೆದಿದ್ದೆ, ಲೇಸನ್ನು ಮುಟ್ಟಿರಲಿಲ್ಲ, ದಿನಾ ಅದೇ ಬೂಟು ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದೆ. ತೊಳೆಯದಿದ್ದರೆ ಈ ಎಣ್ಣೆ ವಸ್ತುಗಳ ಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಕಾರಿನ ಸ್ಟಿಯರಿಂಗ್, ಫೋನು, ನೀರಿನ ಬಾಟಲಿ, ನಾಯಿಯ ಪಟ್ಟಿ, ನಾಯಿಯ ಕೂದಲು ಕೂಡ.

ಗುಳ್ಳೆ ಎದ್ದ ಮೇಲೆ ಏನು ಮಾಡಿದರೂ ಎರಡು ಮೂರು ವಾರ ಅದು ತನ್ನ ದಾರಿಯಲ್ಲೇ ಹೋಗುತ್ತದೆ. ಇಲ್ಲಿ ಹೋಲಿಸಬೇಕಾದದ್ದು ರಾತ್ರಿ ನಿದ್ದೆ ಯಾವುದರಿಂದ ಬಂತು ಎನ್ನುವುದನ್ನು. ಅಮ್ಮ ಹೇಳಿದಂತೆ ಮೊದಲ ಸಲ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದ್ದೆ. ಹಾಸಿಗೆ ಹಳದಿಯಾಯಿತು, ತುರಿಕೆ ತಗ್ಗಲಿಲ್ಲ. ಇದರಲ್ಲಿ ಒಂದು ಅಪಾಯವನ್ನು ಹೇಳಲೇಬೇಕು: ಇನ್ನೂ ತೊಳೆಯದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಉರುಶಿಯಾಲ್ ಅದರಲ್ಲಿ ಕರಗಿ ಹರಡುತ್ತದೆ.

ಕ್ಯಾಲಮೈನ್ ತಂಪು ಕೊಡುತ್ತದೆ, ಅರ್ಧ ಗಂಟೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಶೇ. 1ರ ಹೈಡ್ರೊಕಾರ್ಟಿಸೋನ್ ಕ್ರೀಮು ಸೊಳ್ಳೆ ಕಚ್ಚಿದ್ದಕ್ಕೆ ಸಾಕು, ಇದಕ್ಕೆ ಸಾಲದು. ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ ಉಗುರುಬೆಚ್ಚಗಿನ ನೀರಿಗೆ ಕದಡಿ ಕೈ ಮುಳುಗಿಸಿ ಕೂತದ್ದು ಕ್ಯಾಲಮೈನಿಗಿಂತ ಹೆಚ್ಚು ಹೊತ್ತು ಬಂತು. ಗುಳ್ಳೆ ಒಡೆದು ಸೋರುವ ದಿನಗಳಲ್ಲಿ ಎಲ್ಲಕ್ಕಿಂತ ಮೇಲು ಅನ್ನಿಸಿದ್ದು ಅಲ್ಯೂಮಿನಿಯಂ ಅಸಿಟೇಟ್ ದ್ರಾವಣ. ಪುಡಿಯ ಪೊಟ್ಟಣ ಸಿಗುತ್ತದೆ, ತಣ್ಣೀರಿಗೆ ಕಲಸಿ ಬಟ್ಟೆ ಅದ್ದಿ ಹದಿನೈದು ನಿಮಿಷ ಸುತ್ತಿಡಬೇಕು. ಸೋರಿಕೆ ಒಣಗಿತು, ಮೂರು ನಾಲ್ಕು ಗಂಟೆ ನಿದ್ದೆ ಬಂತು.

ಕುದಿಬಿಸಿ ನೀರಿನ ಸುದ್ದಿಯನ್ನು ಇಲ್ಲಿಯ ಹಳಬರೆಲ್ಲ ಹೇಳುತ್ತಾರೆ. ತಡೆಯಲಾರದಷ್ಟು ಬಿಸಿಯಾದ ನೀರನ್ನು ಗುಳ್ಳೆಯ ಮೇಲೆ ಬಿಟ್ಟರೆ ಮೊದಲು ತುರಿಕೆ ಸಾವಿರ ಪಟ್ಟಾಗಿ, ಆಮೇಲೆ ಗಂಟೆಗಟ್ಟಲೆ ಸುಮ್ಮನಾಗುತ್ತದೆ. ನಾನೂ ಮಾಡಿದೆ, ಹೇಳಿದಂತೆಯೇ ಆಯಿತು. ಮಾರನೇ ದಿನ ಕೈ ಇನ್ನೂ ಕೆಂಪಾಗಿ ಊದಿತ್ತು. ಡಾಕ್ಟರು ನೋಡಿ, ಹೀಗೆ ಮಾಡಿಕೊಂಡು ಚರ್ಮ ಸುಟ್ಟುಕೊಂಡು ಬರುವವರನ್ನು ನೋಡಿದ್ದೇನೆ, ಬಿಟ್ಟುಬಿಡಿ ಎಂದರು. ಬಿಟ್ಟೆ. ತುರಿಕೆಗೆಂದು ಮಾರುವ ಆಂಟಿಹಿಸ್ಟಮಿನ್ ಕ್ರೀಮನ್ನೂ ಹಚ್ಚಬಾರದು, ಅದಕ್ಕೇ ಬೇರೆ ಅಲರ್ಜಿ ಶುರುವಾಗಬಹುದು ಎಂದು ಅವರೇ ಹೇಳಿದ್ದು.

ಮುಖಕ್ಕೆ, ಕಣ್ಣಿಗೆ, ಗುಪ್ತಾಂಗಕ್ಕೆ ಬಂದರೆ, ಮೈಯ ಬಹುಭಾಗ ಎದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಗಿಡ ಸುಟ್ಟ ಹೊಗೆ ಕುಡಿದಿದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಎರಡನೇ ವರ್ಷ ನನ್ನ ಕಣ್ಣು ಮುಚ್ಚುವಷ್ಟು ಊದಿದಾಗ ಒಂದು ಕ್ಲಿನಿಕ್ಕಿನಲ್ಲಿ 6 ದಿನದ ಸ್ಟೀರಾಯ್ಡ್ ಮಾತ್ರೆಯ ಪ್ಯಾಕು ಕೊಟ್ಟರು. ಎರಡೇ ದಿನಕ್ಕೆ ಇಳಿಯಿತು. ಪ್ಯಾಕು ಮುಗಿದ ಮೂರನೇ ದಿನ ಇದ್ದದ್ದಕ್ಕಿಂತ ಜೋರಾಗಿ ತಿರುಗಿ ಬಂತು. ದೇಹದ ಸಿಟ್ಟು ಎರಡು ಮೂರು ವಾರ ಇರುವಾಗ ಆರು ದಿನಕ್ಕೆ ಔಷಧಿ ನಿಲ್ಲಿಸಿದರೆ ಹೀಗಾಗುತ್ತದೆ. ಚರ್ಮದ ಡಾಕ್ಟರು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದಿನೇದಿನೇ ಕಡಿಮೆ ಮಾಡುತ್ತಾ ಮೂರು ವಾರ ಕೊಟ್ಟರು, ಆಗ ಸರಿಹೋಯಿತು. ಆ ವಾರಗಳಲ್ಲಿ ನಿದ್ದೆ ಇಲ್ಲ, ಹೊತ್ತಿಲ್ಲದ ಹೊತ್ತಿನಲ್ಲಿ ಹಸಿವು. ಸಕ್ಕರೆ ಕಾಯಿಲೆ ಇರುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಈ ಮಾತ್ರೆ ರಕ್ತದ ಸಕ್ಕರೆ ಏರಿಸುತ್ತದೆ.

ಈಗ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇರುತ್ತದೆ: ಎರಡು ಕ್ಯಾನು ನೀರು, ಹಳೆಯ ಸಾಸ್ ಬಾಟಲಿಯಲ್ಲಿ ಪಾತ್ರೆ ಸೋಪು, ಆರು ಒರಟು ಬಟ್ಟೆ, ಬಿಚ್ಚಿದ ಬಟ್ಟೆ ಕಟ್ಟಿಡಲು ಕಸದ ಚೀಲ. ಟೆಕ್ನೂ ಕೂಡ ಇದೆ, ನೀರಿಲ್ಲದ ಜಾಗಕ್ಕೆ ಅಂತ ಬೆನ್ನುಚೀಲದಲ್ಲಿ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಬೇಸಿಗೆ ಕಳೆಯುತ್ತಿದ್ದಂತೆ, ಬೇರೆ ಮರಗಳೆಲ್ಲ ಇನ್ನೂ ಹಸಿರಾಗಿರುವಾಗ, ಈ ಗಿಡ ಕುಂಕುಮದಂಥ ಕೆಂಪಾಗುತ್ತದೆ. ಇಡೀ ಗುಡ್ಡದಲ್ಲಿ ಅಷ್ಟು ಚಂದದ ಎಲೆ ಇನ್ನೊಂದಿರುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ನಮ್ಮ ಜೊತೆ ಬಂದಿದ್ದ ಐದು ವರ್ಷದ ಹುಡುಗಿ ಶಾಲೆಯ ಪುಸ್ತಕಕ್ಕೆ ಅಂಟಿಸಲು ಅವನ್ನೇ ಮುಷ್ಟಿ ತುಂಬ ಆರಿಸಿಕೊಂಡು ಬಂದು, "ಆಂಟಿ, ನಿಮಗೊಂದು" ಎಂದು ಚಾಚಿದಳು. ಕೈಯಲ್ಲಿದ್ದ ನೀರನ್ನೆಲ್ಲ ಅಲ್ಲೇ ಸುರಿದು, ಅವಳ ಬೆರಳು ಬೆರಳನ್ನೂ ಬಟ್ಟೆಯಲ್ಲಿ ತಿಕ್ಕಿದೆವು. ಮಗು ಅಳುತ್ತಿತ್ತು, ಎಲೆ ಕಿತ್ತುಕೊಂಡೆವಲ್ಲ ಎಂದು. ಬಲಗೈ ಹೆಬ್ಬೆರಳ ಬುಡದಲ್ಲಿ ಎರಡು ಗುಳ್ಳೆ ಬಂದವಂತೆ, ಬೇರೆಲ್ಲೂ ಬರಲಿಲ್ಲ.