ಹಳೇ ಸೌಂಡ್ ಮಿಕ್ಸರ್‌ಗೆ ಯಾವ ಐಸಿ? ನಾಲ್ಕು ಬಗೆ ಹಾಕಿ ಕೇಳಿದ ಮೇಲೆ

ಮೈಕು, ವಾದ್ಯಗಳ ದನಿ ಬೆರೆಸುವ ಹಳೇ ಮಿಕ್ಸರ್ ಸುಯ್ ಅನ್ನೋಕೆ ಶುರು ಮಾಡಿದರೆ ಎಲ್ಲರೂ ಹೇಳುವುದು ಒಂದೇ, ‘ಐಸಿ ಬದಲಾಯಿಸಿಬಿಡಿ’. ಯಾವುದನ್ನು ತೆಗೆದು ಎಲ್ಲಿ ಯಾವುದನ್ನು ಹಾಕಬೇಕು ಅಂತ ಕೇಳಿದರೆ ಮಾತ್ರ ಮಾತು ಬೇರೆ ಕಡೆ ಹೋಗುತ್ತದೆ. ಹಾಸನದ ನನ್ನ ರೆಕಾರ್ಡಿಂಗ್ ರೂಮಿನಲ್ಲಿ 80ರ ದಶಕದ 16 ಚಾನೆಲ್ ಮಿಕ್ಸರ್ (ಕನ್ಸೋಲ್) ಒಂದಿದೆ. ಇಲ್ಲಿನ ಆರ್ಕೆಸ್ಟ್ರಾದವರು ಡಿಜಿಟಲ್ ಮಿಕ್ಸರ್ ತಗೊಂಡಾಗ ಇದು ನನ್ನ ಪಾಲಿಗೆ ಬಂತು. ಆಷಾಢದಲ್ಲಿ ಮದುವೆ ಇರೋಲ್ಲ, ಸೌಂಡ್ಸ್‌ನವರಿಗೆಲ್ಲ ಬಿಡುವು. ಆ ಬಿಡುವಿನಲ್ಲಿ ಗೆಳೆಯನನ್ನು ಪಕ್ಕ ಕೂರಿಸಿಕೊಂಡು ಒಂದೊಂದೇ ಆಪ್‌ಆ್ಯಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಐಸಿ, ಹಾಕಿ ಕೇಳಿದೆ.

ಮೊದಲೇ ಇದ್ದದ್ದು ಟಿಎಲ್072, ಹೆಚ್ಚುಕಮ್ಮಿ ಎಲ್ಲ ಕಡೆ. ಹೆಡ್‌ಫೋನ್ ಸಾಲಿನಲ್ಲಿ ಮಾತ್ರ 4558. ಎದುರಾಳಿಗಳಾಗಿ ತಂದದ್ದು ಎನ್‌ಇ5532, ಓಪಿಎ2134 ಮತ್ತು ಎಲ್‌ಎಂ4562. ಇವೆಲ್ಲ ಎಂಟು ಕಾಲಿನ ಜೋಡಿ ಆಪ್‌ಆ್ಯಂಪ್‌ಗಳೇ, ಕಾಲುಗಳ ಕ್ರಮವೂ ಒಂದೇ. ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಿದರೆ ಆಯ್ತು. ಚುಚ್ಚೋದು ಸುಲಭ, ಕೀಳೋದೇ ಕಷ್ಟ. ಹಳೇ ಬೋರ್ಡಿನ ತಾಮ್ರದ ಪಟ್ಟಿಗೆ ಬಿಸಿ ಜಾಸ್ತಿಯಾದರೆ ಸಿಪ್ಪೆ ಥರ ಎದ್ದುಬರುತ್ತದೆ. ಹಾಗಾಗಿ ಐಸಿಯನ್ನು ಉಳಿಸುವ ಆಸೆ ಬಿಟ್ಟೆ. ಸಣ್ಣ ಕಟರ್‌ನಲ್ಲಿ ಎಂಟೂ ಕಾಲು ಕತ್ತರಿಸಿ, ಮೈ ತೆಗೆದುಹಾಕಿ, ಉಳಿದ ಕಾಲುಗಳನ್ನು ಒಂದೊಂದಾಗಿ ಬಿಸಿ ಮಾಡಿ ಚಿಮಟದಿಂದ ಎಳೆದೆ. ತೂತು ಕ್ಲೀನ್ ಮಾಡಿ ಸಾಕೆಟ್ ಕೂರಿಸಿದೆ. ಸಾಕೆಟ್‌ನಲ್ಲಿ ಕಾಸು ಉಳಿಸಬೇಡಿ. ಚಪ್ಪಟೆ ತಗಡಿನ ಪಿನ್ನಿನ ಅಗ್ಗದ ಸಾಕೆಟ್ ಸಕಲೇಶಪುರದ ಕಡೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರ್ರಗಾಗಿ ಕರಕರ ಅನ್ನುತ್ತದೆ. ಗುಂಡು ಪಿನ್ನಿನದೇ ಹಾಕಿ.

ಕೇಳಿದ ರೀತಿಯನ್ನೂ ಹೇಳಿಬಿಡುತ್ತೇನೆ. ಅಕ್ಕಪಕ್ಕದ ಎರಡು ಚಾನೆಲ್‌ಗೆ ಒಂದೇ ರೆಕಾರ್ಡಿಂಗ್. ಹಾರ್ಮೋನಿಯಂ, ತಬಲಾ, ಒಂದು ಹೆಣ್ಣು ದನಿ. ಒಂದು ಸಾವಿರ ಹರ್ಟ್ಸ್ ಟೋನ್ ಕೊಟ್ಟು ಎರಡರ ಮಟ್ಟವನ್ನೂ ಮೀಟರ್‌ನಲ್ಲಿ ಸಮ ಮಾಡಿಕೊಂಡೆ. ಯಾಕೆಂದರೆ ಚೂರು ಜೋರಾಗಿ ಕೇಳಿದ್ದೇ ನಮ್ಮ ಕಿವಿಗೆ ಚೆನ್ನಾಗಿ ಕೇಳುತ್ತದೆ. ಗೆಳೆಯ ಬಟನ್ ಒತ್ತಿ ಚಾನೆಲ್ ಬದಲಾಯಿಸುತ್ತಿದ್ದ, ನಾನು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಸುಯ್ ಶಬ್ದದ ಅಳತೆಗೆ ಕಿವಿಯನ್ನು ನಂಬಲಿಲ್ಲ. ಶೀಟಿನ ಮೇಲೆ ಮಳೆ ಬೀಳುವಾಗ ಏನು ಕೇಳೋದು? ಅದನ್ನು ಸೌಂಡ್‌ಕಾರ್ಡ್‌ಗೆ ರೆಕಾರ್ಡ್ ಮಾಡಿ ನೋಡಿದೆ.

ಮೊದಲು ಇಕ್ಯೂ, ಅಂದರೆ ಬಾಸ್, ಟ್ರೆಬಲ್ ಹೊಂದಿಸುವ ಭಾಗ. ಇಲ್ಲಿ ಟಿಎಲ್072 ಮತ್ತು ಓಪಿಎ2134 ನಡುವೆ ಯಾವುದು ಯಾವುದು ಅಂತ ನನಗೆ ಗುರುತಿಸೋಕೆ ಆಗಲಿಲ್ಲ. ಗೆಳೆಯನಿಗೂ ಆಗಲಿಲ್ಲ. 5532 ಮಾತ್ರ ತಕ್ಷಣ ಸಿಕ್ಕಿಬಿತ್ತು, ಆದರೆ ಒಳ್ಳೇ ಕಾರಣಕ್ಕಲ್ಲ. ಬಾಸ್ ಗುಂಡಿ ತಿರುಗಿಸಿದರೆ ಪರಪರ ಶಬ್ದ. ಕಾರಣ ಸರಳ. ಟಿಎಲ್072ರ ಒಳಬಾಗಿಲಲ್ಲಿ (ಇನ್‌ಪುಟ್‌ನಲ್ಲಿ) ಜೆಫೆಟ್ ಅನ್ನುವ ಬಗೆಯ ಟ್ರಾನ್ಸಿಸ್ಟರ್ ಇದೆ, ಅದು ಎಳೆಯುವ ಕರೆಂಟ್ ಪೀಕೋಆ್ಯಂಪ್‌ಗಳ ಲೆಕ್ಕ. 5532ರಲ್ಲಿರುವುದು ಬೈಪೋಲಾರ್ ಟ್ರಾನ್ಸಿಸ್ಟರ್, ಸಾಮಾನ್ಯವಾಗಿ 200 ನ್ಯಾನೋಆ್ಯಂಪ್ ಎಳೆಯುತ್ತದೆ. ಅದು ಗುಂಡಿಯ ಹಿಂದಿನ 100 ಕಿಲೋಓಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಮೂಲಕ ಹರಿದರೆ 20 ಮಿಲಿವೋಲ್ಟ್ ಡಿಸಿ ನಿಲ್ಲುತ್ತದೆ. ಪಾಟ್ ತಿರುಗಿದಾಗ ಆ ಡಿಸಿಯೂ ಅಲುಗಾಡುತ್ತದೆ, ಅದೇ ಪರಪರ. ಡಿಸಿ ತಡೆಯಲು ಕೆಪಾಸಿಟರ್ ಸೇರಿಸಬಹುದು. ಆದರೆ 16 ಚಾನೆಲ್‌ಗೆ ಅಷ್ಟು ಕೆಲಸ ಮಾಡಿ ಪಡೆಯೋದೇನು? ಇಕ್ಯೂಗೆ ಟಿಎಲ್072ನೇ ವಾಪಸ್ ಹೋಯಿತು.

ಮೈಕ್ ಪ್ರಿಆ್ಯಂಪ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಈ ಕನ್ಸೋಲ್‌ನಲ್ಲಿ ಮೈಕ್ ಸಿಗ್ನಲ್ ಮೊದಲು ಒಂದು ಜೊತೆ ಟ್ರಾನ್ಸಿಸ್ಟರ್‌ಗೆ ಬೀಳುತ್ತದೆ, ಆಮೇಲೆ ಆಪ್‌ಆ್ಯಂಪ್‌ಗೆ. ಸದ್ದು ದೊಡ್ಡದಾಗುವುದು ಮೊದಲ ಮೆಟ್ಟಿಲಲ್ಲೇ. ಹಿಂದಿರುವ ಐಸಿ ಎಷ್ಟೇ ಒಳ್ಳೇದಾದರೂ ಮೈಕಿನ ಸುಯ್ ಇಳಿಯೋಲ್ಲ. ಬದಲಾಯಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ನಿಜವಾದ ಆಟ ಇರುವುದು ಮಾಸ್ಟರ್‌ನಲ್ಲಿ, 16 ಚಾನೆಲ್‌ಗಳೂ ಬಂದು ಸೇರುವ ಜಾಗದಲ್ಲಿ. ಪ್ರತಿ ಚಾನೆಲ್‌ನಿಂದ 22 ಕಿಲೋಓಮ್ ರೆಸಿಸ್ಟರ್ ಒಂದು ಬಂದು ಒಂದೇ ಆಪ್‌ಆ್ಯಂಪ್‌ನ ಬಾಗಿಲಿಗೆ ಸೇರುತ್ತದೆ. ಪ್ರತಿ ಚಾನೆಲ್‌ನ ಸಿಗ್ನಲ್‌ಗೆ ಗೇನ್ 1, ಅಂದರೆ ಬಂದಷ್ಟೇ ಹೊರಗೆ. ಆದರೆ ಆ ಆಪ್‌ಆ್ಯಂಪ್ ತನ್ನದೇ ಸುಯ್ ಅನ್ನು 17 ಪಟ್ಟು ಮಾಡುತ್ತದೆ, ಅಂದರೆ ಹತ್ತಿರ ಹತ್ತಿರ 25 ಡಿಬಿ. ದನಿ ಏರಿಸಿ ಇಳಿಸುವ ಫೇಡರ್‌ಗಳನ್ನೆಲ್ಲ ಕೆಳಗಿಳಿಸಿದರೂ ಹಳೇ ಮಿಕ್ಸರ್ ಸುಯ್ ಅನ್ನೋದು ಇದಕ್ಕೇ. ಚಾನೆಲ್ ಬಿಚ್ಚಿ ಹುಡುಕೋರಿಗೆ ಅದು ಸಿಗೋದೇ ಇಲ್ಲ.

ಇಲ್ಲಿ ಡೇಟಾಶೀಟ್‌ನ, ಅಂದರೆ ತಯಾರಕರು ಕೊಡುವ ವಿವರಪಟ್ಟಿಯ, ಅಂಕಿಗಳಿಗೆ ಅರ್ಥ ಬರುತ್ತದೆ. ರೂಟ್ ಹರ್ಟ್ಸ್‌ಗೆ (ಸುಯ್ ಅಳೆಯುವ ಮಾನ, ಅಂಕಿ ಕಮ್ಮಿಯಾದಷ್ಟೂ ಒಳ್ಳೇದು) ಹಳೇ ಟಿಎಲ್072ರ ಸುಯ್ 18 ನ್ಯಾನೋವೋಲ್ಟ್, ಓಪಿಎ2134ರದ್ದು 8, 5532ರದ್ದು 5, 4562ರದ್ದು 2.7. ಇಷ್ಟೇ ನೋಡಿದರೆ 4562 ಗೆದ್ದ ಹಾಗೆ ಕಾಣುತ್ತದೆ ಅಲ್ವಾ? ಆದರೆ 16 ರೆಸಿಸ್ಟರ್‌ಗಳು ಒಟ್ಟಾಗಿ ಸುಮಾರು 1.4 ಕಿಲೋಓಮ್ ಆಗುತ್ತವೆ, ಅವಕ್ಕೂ ಸ್ವಂತ ಸುಯ್ ಇದೆ, 5 ನ್ಯಾನೋವೋಲ್ಟ್‌ಗೆ ಹತ್ತಿರ. ಅದನ್ನು ಯಾವ ಐಸಿಯೂ ಕಮ್ಮಿ ಮಾಡಲಾರದು. ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಟಿಎಲ್072ರಿಂದ 5532ಗೆ ಬಂದಾಗ ಎಂಟು ಡಿಬಿಗಿಂತ ಹೆಚ್ಚು ಲಾಭ. 5532ರಿಂದ 4562ಗೆ ಹೋದರೆ ಒಂದೂವರೆ ಡಿಬಿ, ಅಷ್ಟೇ. ನನ್ನ ಅಳತೆಯಲ್ಲಿ ಮೊದಲನೆಯದು ಆರೇಳು ಡಿಬಿ ಬಂತು, ಎರಡನೆಯದು ಇದೆಯೋ ಇಲ್ಲವೋ ಅನ್ನುವಷ್ಟು. ಮೊದಲನೆಯದಕ್ಕೆ ಅಳತೆಯೂ ಬೇಕಿರಲಿಲ್ಲ. 5532 ಹಾಕಿ ಸ್ವಿಚ್ ಒತ್ತಿದಾಗ ‘ಅಣ್ಣಾ, ಸ್ಪೀಕರ್ ಆನ್ ಆಗಿದೆಯಾ?’ ಅಂತ ಗೆಳೆಯ ಎದ್ದುಹೋಗಿ ಕಿವಿ ಇಟ್ಟು ನೋಡಿದ.

4562 ಇನ್ನೊಂದು ತಕರಾರನ್ನೂ ತಂತು. ಅದರ ವೇಗ 55 ಮೆಗಾಹರ್ಟ್ಸ್ ವರೆಗೆ. 3 ಮೆಗಾಹರ್ಟ್ಸ್‌ನ ಟಿಎಲ್072ಗೆ ಅಂತ ಮಾಡಿದ ಬೋರ್ಡಿನಲ್ಲಿ ಉದ್ದುದ್ದ ಪಟ್ಟಿಗಳು, ಐಸಿ ಹತ್ತಿರ ಅದರ ಸಪ್ಲೈ ಅಲುಗದಂತೆ ಹಿಡಿಯುವ ಡಿಕಪ್ಲಿಂಗ್ ಕೆಪಾಸಿಟರ್ ಇಲ್ಲವೇ ಇಲ್ಲ. ಹಾಕಿದ ಕೂಡಲೇ ದನಿಗೆ ಒಂಥರಾ ಮಬ್ಬು ಬಂತು, ಐಸಿ ಮುಟ್ಟಿದರೆ ಸುಡುತ್ತಿತ್ತು. ಸಿಗ್ನಲ್‌ನ ಅಲೆ ತೋರಿಸುವ ಸ್ಕೋಪ್‌ನಲ್ಲಿ ನೋಡಿದರೆ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ತಾನೇ ಕುಣಿಯುತ್ತಿದೆ. ಬೋರ್ಡಿನ ಹಿಂದೆ ಸಪ್ಲೈ ಬರುವ 4 ಮತ್ತು 8ನೇ ಕಾಲಿನ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಒಂದನ್ನು ಬೆಸೆದ ಮೇಲೆ ಸುಮ್ಮನಾಯಿತು. 5532ಗೂ ಇದನ್ನು ಹಾಕೋದು ಒಳ್ಳೇದು. ‘4562 ಹಾಕಿದ ಮೇಲೆ ಟ್ರೆಬಲ್ ಸಕತ್ತಾಗಿ ತೆರೆದುಕೊಂಡಿತು’ ಅಂತ ಯಾರಾದರೂ ಹೇಳಿದರೆ, ನಾನು ಮೊದಲು ಸ್ಕೋಪ್‌ನಲ್ಲಿ ತೋರಿಸಿ ಅನ್ನುತ್ತೇನೆ.

ವೇಗದ ಮಾತು ಬಂತಲ್ಲ, ಸ್ಲೂ ರೇಟ್, ಅಂದರೆ ಔಟ್‌ಪುಟ್ ವೋಲ್ಟೇಜ್ ಎಷ್ಟು ಬೇಗ ಏರಿಳಿಯಬಲ್ಲದು ಅನ್ನುವುದರ ಬಗ್ಗೆಯೂ ಅನಗತ್ಯ ಗದ್ದಲ ಇದೆ. 20 ಕಿಲೋಹರ್ಟ್ಸ್‌ನಲ್ಲಿ 10 ವೋಲ್ಟ್ ಪೀಕ್ ಕೊಡೋಕೆ ಮೈಕ್ರೋಸೆಕೆಂಡಿಗೆ 1.26 ವೋಲ್ಟ್ ಸಾಕು. 5532ರಲ್ಲಿ 9 ಇದೆ, ಟಿಎಲ್072ರಲ್ಲಿ 13. ಓಪಿಎ2134, 4562ರ 20 ನಮಗೆ ಯಾಕೆ? 4558 ಒಂದೇ ಇಲ್ಲಿ ಅಂಚಿನಲ್ಲಿ ನಿಲ್ಲುತ್ತದೆ, ಅದರದ್ದು 1ರಿಂದ 1.7ರ ಆಸುಪಾಸು. ಹೆಡ್‌ಫೋನ್‌ಗೆ ಅಷ್ಟು ವೋಲ್ಟೇಜ್ ಬೇಡ, ಹಾಗಾಗಿ ಅದನ್ನು ಮುಟ್ಟಲಿಲ್ಲ.

ಔಟ್‌ಪುಟ್‌ಗೆ 5532ನೇ ಸರಿ, ಯೋಚನೆಯೇ ಬೇಡ. 600 ಓಮ್‌ನಂಥ ಭಾರದ ಲೋಡನ್ನೂ ಎಳೆಯುವ ತಾಕತ್ತು ಅದಕ್ಕಿದೆ, ಟಿಎಲ್072ಗೆ ಇಲ್ಲ. ಉದ್ದ ಕೇಬಲ್‌ಗೂ ಈ ತಾಕತ್ತು ಬೇಕು, ಹಾಸನಾಂಬ ಜಾತ್ರೆ ಸಮಯದಲ್ಲಿ ವೇದಿಕೆಯಿಂದ ಮಿಕ್ಸರ್ ತನಕ ಕೇಬಲ್ ಎಷ್ಟು ಉದ್ದ ಹೋಗುತ್ತದೆ ಅಂತ ಎಳೆದವರಿಗೇ ಗೊತ್ತು.

ಗೆಳೆಯನ ಬಳಿಯೂ ಇಂಥದೇ ಒಂದು ಕನ್ಸೋಲ್ ಇದೆ. ಅವನಿಗೆ ಎಲ್ಲ ಐಸಿಯನ್ನೂ ಒಂದೇ ಸಲ ಬದಲಾಯಿಸುವ ಹುಮ್ಮಸ್ಸು. ಪವರ್ ಸಪ್ಲೈ ಲೆಕ್ಕ ಹಾಕಿ ತೋರಿಸಿದೆ. ಚಾನೆಲ್‌ಗೆ ಮೂರರಂತೆ 48 ಐಸಿ. ಟಿಎಲ್072 ಆದರೆ ಒಂದಕ್ಕೆ 2.8 ಮಿಲಿಆ್ಯಂಪ್‌ನಂತೆ ಒಟ್ಟು 134. 5532 ಅಥವಾ ಓಪಿಎ2134 ಆದರೆ ಎಂಟರಂತೆ 384. 4562 ಆದರೆ 480. ಅದೂ ಪ್ಲಸ್ 15, ಮೈನಸ್ 15 ಎರಡೂ ಕಡೆ. 7815, 7915 ರೆಗ್ಯುಲೇಟರ್‌ಗಳು ತಡೆದುಕೊಳ್ಳಬಹುದು, ಆದರೆ ಆ ಬಿಸಿ ಹೋಗಲು ಹಳೇ ಪೆಟ್ಟಿಗೆಯ ಹೀಟ್‌ಸಿಂಕ್ ಸಾಕಾಗಬೇಕಲ್ಲ. ಶಾಮಿಯಾನದ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ನೆನೆಸಿಕೊಳ್ಳಿ.

ಕೊಳ್ಳುವಾಗ ಒಂದು ಎಚ್ಚರ. ಓಪಿಎ2134, 4562 ಬೆಲೆ ನೂರುಗಳ ಲೆಕ್ಕದಲ್ಲಿ, ಟಿಎಲ್072 ಮತ್ತು 5532 ಹತ್ತುಗಳ ಲೆಕ್ಕದಲ್ಲಿ. ದುಬಾರಿ ಹೆಸರು ಬರೆದ ನಕಲಿ ಐಸಿಗಳು ಬೇಕಾದಷ್ಟಿವೆ, 5532ರಲ್ಲೂ ಇವೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೂ ಗೊತ್ತಿರುವ ಅಂಗಡಿಯಿಂದಲೇ ತರುತ್ತೇನೆ. ಬಂದ ಮೇಲೆ ಹತ್ತಿಗೆ ಅಸಿಟೋನ್ ಹಾಕಿ ತಲೆ ಉಜ್ಜುತ್ತೇನೆ, ಅಕ್ಷರ ಅಳಿಸಿ ಕೆಳಗೆ ಉಜ್ಜಿದ ಗೀರು ಕಂಡರೆ ಅನುಮಾನ. ಆಮೇಲೆ ಬ್ರೆಡ್‌ಬೋರ್ಡಿನಲ್ಲಿ ಕರೆಂಟ್ ನೋಡುತ್ತೇನೆ. ಅಸಲಿ 5532 ಸುಮಾರು 8 ಮಿಲಿಆ್ಯಂಪ್ ತಗೊಳ್ಳುತ್ತದೆ. ಎರಡೂವರೆ ಮೂರು ತೋರಿಸಿದರೆ ಅದು ಬೇರೆ ಯಾವುದೋ ಅಗ್ಗದ ಐಸಿ, ಮೇಲೆ ಹೆಸರು ಮಾತ್ರ 5532.

ಕೊನೆಗೆ ಗೆಳೆಯನ ಕನ್ಸೋಲ್‌ಗೆ ಮಾಸ್ಟರ್ ಮತ್ತು ಔಟ್‌ಪುಟ್‌ನಲ್ಲಷ್ಟೇ 5532 ಹಾಕಿದೆವು. ಐಸಿಯಲ್ಲಿ ಉಳಿದ ದುಡ್ಡಿಗೆ ಪವರ್ ಸಪ್ಲೈನ ಹಳೇ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿದೆವು. ಜೊತೆಗಿದ್ದ ಗುಂಯ್ ಅನ್ನುವ ಹಮ್ ಹೋದದ್ದು ಅವುಗಳಿಂದ.